ನಾಗರಕಲ್ಲಿನ ಮುಂದಿನ ತಂಬಿಟ್ಟು

"ಗುರುಗಳೇ, ಕೋಪ ಗೆಲ್ಲಬೇಕೆಂದು ಸೋಮವಾರದ ಉಪವಾಸ ಹಿಡಿದೆ. ಕೋಪ ಕಡಿಮೆಯಾಗಲಿಲ್ಲ. ಗುರುವಾರವನ್ನೂ ಸೇರಿಸಿದೆ. ಇನ್ನಷ್ಟು ಹೆಚ್ಚಿತು. ಶನಿವಾರವೂ ಉಪವಾಸ ಮಾಡಲೇ?" ಎಂದು ಶಂಭಯ್ಯ ಕೇಳಿದ.

ಅಂದು ಸೋಮವಾರ. ಬೆಳಿಗ್ಗೆಯಷ್ಟೇ ಅವನು ಅಡುಗೆಯವನ ಮೇಲೆ ಕೂಗಾಡಿ, ನೀರಿನ ಕೊಡ ಒಡೆದಿದ್ದ. "ಹೀಗೇ ಆದರೆ ನನ್ನನ್ನು ಮಠದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?" ಎನ್ನುವಾಗ ಅವನ ಕಣ್ಣು ತುಂಬಿತು.

"ಕೂತುಕೋ ಮಾರಾಯ, ಒಂದು ಹಾವಿನ ಕತೆ ಕೇಳು" ಎಂದು ಗುರುಗಳು ಶುರುಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಒಂದು ದಿನ ಅವನ ಹಿತ್ತಲಲ್ಲಿ ನಾಗರಹಾವು ಕಾಣಿಸಿತು. ಆಸಾಮಿ ದೈವಭಕ್ತ, ಹೊಡೆಯಲು ಕೈ ಬರಲಿಲ್ಲ. ಬೇವಿನ ಮರದಡಿ ಕಟ್ಟೆ ಕಟ್ಟಿಸಿ ನಾಗರಕಲ್ಲು ನಿಲ್ಲಿಸಿದ. ಮಂಗಳವಾರಕ್ಕೊಂದು ತಂಬಿಟ್ಟಿನ ಉಂಡೆ ಇಟ್ಟ. ಬೆಲ್ಲ ಮನೆಯದೇ ತಾನೇ, ಉಂಡೆ ದೊಡ್ಡದೇ ಇತ್ತು. ತಿಂಗಳಾಗುವಷ್ಟರಲ್ಲಿ ಎರಡನೆಯ ಹಾವು ಬಂತು. "ಅಯ್ಯೋ, ಒಂದು ಉಂಡೆ ಸಾಲದೆ ನಾಗಪ್ಪ ಮುನಿದಿದ್ದಾನೆ" ಎಂದು ದಿನವೂ ಐದು ಇಟ್ಟ. ಮಳೆಗಾಲಕ್ಕೆ ಸೌದೆಯ ರಾಶಿಯಲ್ಲಿ ಕೊಳಕುಮಂಡಲ ಬುಸುಗುಟ್ಟಿತು. ಇವನು ಉಂಡೆ ಹನ್ನೊಂದು ಮಾಡಿದ.

ಅಷ್ಟರಲ್ಲಿ ಮಗಳು ಹೇಳಿ ಕಳಿಸಿದಳು: "ಅಪ್ಪಾ, ಕೂಸು ಅಂಬೆಗಾಲಿಡುತ್ತಿದೆ. ಆ ಹಾವುಗಳು ಹೋಗುವವರೆಗೆ ನಾನು ಬರುವುದಿಲ್ಲ." ವ್ಯಾಪಾರಿ ಮೊಮ್ಮಗಳನ್ನು ನೋಡಿದ್ದು ತೊಟ್ಟಿಲಿಗೆ ಹಾಕಿದ ದಿನ ಮಾತ್ರ. ಗಂಡ ಹೆಂಡತಿ ಇಬ್ಬರೂ ಅತ್ತರು. ಕೊನೆಗೆ ಹಾವು ಹಿಡಿಯುವ ಮುದುಕನನ್ನು ಕರೆಸಿದರು.

ಮುದುಕ ಬಂದವನೇ ನಾಗರಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯಜಮಾನರೇ, ಈ ತಂಬಿಟ್ಟು ತಿನ್ನುವವರು ಯಾರು?"

"ಇನ್ಯಾರಪ್ಪಾ? ನಾಗಪ್ಪ! ಬೆಳಗಾದರೆ ಒಂದು ಚೂರೂ ಉಳಿದಿರುವುದಿಲ್ಲ."

"ಹಾವು ಎಲ್ಲಾದರೂ ಹಿಟ್ಟು ತಿನ್ನುತ್ತದೆಯೇ ಸ್ವಾಮಿ?" ಎಂದು ಮುದುಕ ಕಟ್ಟೆಯ ಬಿಲಕ್ಕೆ ಕೋಲು ತೂರಿಸಿದ. ಹೆಗ್ಗಣಗಳು ಒಂದರ ಹಿಂದೊಂದು ಹೊರಬಿದ್ದವು. ಕೊಬ್ಬಿದ ಮೈ, ಓಡಲೂ ಆಗದು. "ನಿಮ್ಮ ತಂಬಿಟ್ಟು ಇವಕ್ಕೆ. ಇವು ಹಾವಿಗೆ."

"ಅಯ್ಯೋ ನನ್ನ ಕರ್ಮವೇ! ಇಷ್ಟು ದಿನ ನಾನು ಹೆಗ್ಗಣಗಳ ಬಾಣಂತನ ಮಾಡಿದೆನೇ?" ಎಂದು ವ್ಯಾಪಾರಿಯ ಹೆಂಡತಿ ಹಣೆ ಚಚ್ಚಿಕೊಂಡಳು. ಆಮೇಲೆ ನಗು ತಡೆಯಲಾರದೆ ಅಲ್ಲೇ ಕೂತುಬಿಟ್ಟಳು.

ಮುದುಕ ಇದ್ದ ಹಾವುಗಳನ್ನು ಹಿಡಿದು ದೂರದ ಗುಡ್ಡಕ್ಕೆ ಬಿಟ್ಟ. ವ್ಯಾಪಾರಿ ಬಿಲಗಳನ್ನು ಮುಚ್ಚಿಸಿದ, ಸೌದೆ ಎತ್ತಿಸಿ ಹಿತ್ತಲು ಗುಡಿಸಿದ. ಕಲ್ಲಿಗೆ ಹೂವು ಮಾತ್ರ ಏರಿಸಿದ. ನಾಗಪ್ಪನೇನೂ ಮುನಿಯಲಿಲ್ಲ. ಹಾವು ಮತ್ತೆ ಬರಲಿಲ್ಲ, ಹಬ್ಬಕ್ಕೆ ಮಗಳು ಬಂದಳು. ಈಗ ಆ ಮನೆಯ ತಂಬಿಟ್ಟನ್ನು ಮೊಮ್ಮಗಳು ತಿನ್ನುತ್ತಾಳೆ. ಅರ್ಧ ಬಾಯಿಗೆ, ಅರ್ಧ ಅಜ್ಜನ ಮೀಸೆಗೆ.

ಕತೆ ಮುಗಿಯುವಾಗ ಶಂಭಯ್ಯನೂ ನಗುತ್ತಿದ್ದ. "ಎಂಥ ಪೆದ್ದ, ಗುರುಗಳೇ! ಹಾವು ಹೋಗಲೆಂದು ಮಾಡಿದ್ದೇ ಹಾವನ್ನು ಕರೆಯುತ್ತಿತ್ತಲ್ಲ! ಅದು ಸರಿ, ನನ್ನ ಶನಿವಾರದ ಉಪವಾಸದ ವಿಷಯ ಹೇಳಲೇ ಇಲ್ಲ."

ಅವನ ಹೊಟ್ಟೆ ಗುರುಗುಟ್ಟಿತು. ಅದು ಗುರುಗಳಿಗೂ ಕೇಳಿಸಿತು.

"ಸೋಮವಾರವಾದರೆ ಆಗಲಿ ಶಂಭಯ್ಯ, ಮೊದಲು ಎದ್ದು ಹೋಗಿ ಊಟ ಮಾಡು."