ಎರಡೂ ತುದಿ ಒಂದೇ ಕಡೆ

ಕಬಿನಿ ದಡದ ಆಶ್ರಮದಲ್ಲಿ ಅಂದು ಬೆಳಗಿನಿಂದಲೇ ಸಡಗರ.

ಅಡುಗೆಯ ದೇವೀರಮ್ಮನ ತಮ್ಮನಿಗೆ ಹೆಣ್ಣುಮಗು ಹುಟ್ಟಿತ್ತು. ಅರಸೀಕೆರೆಯಲ್ಲಿ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಆದರೆ ಅವಳ ಕಾಲಿಗೆ ಪ್ಲಾಸ್ಟರ್. ಹಾಗಾಗಿ ಆಶ್ರಮದ ಕಂಪ್ಯೂಟರಿನಿಂದಲೇ ಹೇಳುವುದೆಂದು ಮಾತಾಗಿತ್ತು.

ಶಿಷ್ಯ ನಾಗಲಿಂಗ ಕೋಣೆ ಗುಡಿಸಲು ಕಂಪ್ಯೂಟರಿನ ಕೇಬಲ್ ಕಿತ್ತಿದ್ದ. ಗುಡಿಸಿದ ಮೇಲೆ ನೋಡಿದರೆ ತುದಿಯೊಂದು ನೆಲದ ಮೇಲೆ ಬಿದ್ದಿದೆ, ರೂಟರಿನಲ್ಲಿ ಪೋರ್ಟೊಂದು ಖಾಲಿಯಿದೆ. ಸಿಕ್ಕಿಸಿಯೇಬಿಟ್ಟ.

ರೂಟರಿನ ದೀಪಗಳೆಲ್ಲ ಕುಣಿಯತೊಡಗಿದವು. ಪರದೆಯ ಮೇಲೆ ಮಗು ಮಾತ್ರ ಕಾಣಲಿಲ್ಲ.

"ಮುಹೂರ್ತ ಮೀರ್ತದೆ ಕಣಪ್ಪಾ! ನನ್ನ ಬದಲು ಇನ್ಯಾರಾದ್ರೂ ಹೆಸರು ಹೇಳ್ಬುಟ್ಟಾರು!" ದೇವೀರಮ್ಮನ ಕಣ್ಣು ತುಂಬಿತು.

ಗುರುಗಳು ಬಂದರು.

"ಎಲ್ಲಾ ಸರಿಯಾಗೇ ಅದೆ ಬುದ್ಧಿ," ಎಂದ ನಾಗಲಿಂಗ. "ನೀಲಿ ಪೋರ್ಟು ಹೊರಗಿಂದ ಬರೋ ತಂತಿಗೆ, ಹಳದಿವು ಒಳಗಿನ ಕಂಪ್ಯೂಟರಿಗೆ. ಒಂದೂ ಅದಲು ಬದಲಾಗಿಲ್ಲ. ದೀಪ ನೋಡಿ, ಹೆಂಗೆ ಕುಣೀತಾವೆ!"

ಗುರುಗಳು ಬಗ್ಗಿ ನೋಡಿದರು.

"ಮಗೀಗೆ ಏನು ಹೆಸರು?"

"ಇಂಚರ, ಬುದ್ಧಿ," ಎಂದಳು ದೇವೀರಮ್ಮ.

"ನಾಗಲಿಂಗ, ಅದನ್ನ ನಿನ್ನ ಕಿವೀಲಿ ನೀನೇ ಹೇಳ್ಕೊ. ಬಾಯಿ ಕಿವಿಗೆ ತಾಗ್ಬೇಕು."

ಗುರುವಿನ ಮಾತು, ಮೀರುವುದುಂಟೆ? ನಾಗಲಿಂಗ ಕತ್ತು ತಿರುಗಿಸಿದ. ತುಟಿ ಸೊಟ್ಟ ಮಾಡಿದ. ಕಿವಿ ಹಿಡಿದು ಎಳೆದ. ಕೊನೆಗೆ ಗಿರಕಿ ಹೊಡೆದು ಚಾಪೆಯ ಮೇಲೆ ಬಿದ್ದ. ಅಷ್ಟು ಸಂಕಟದಲ್ಲೂ ದೇವೀರಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು.

ಬಿದ್ದಲ್ಲಿಂದಲೇ ಅವನಿಗೆ ಕೇಬಲ್ ಕಂಡಿತು. ರೂಟರಿನಿಂದ ಹೊರಟು, ಚಾಪೆಯನ್ನು ಸುತ್ತಿ, ಮತ್ತೆ ಅದೇ ರೂಟರಿಗೆ ಹೋಗಿತ್ತು.

"ಅಯ್ಯೋ ಬುದ್ಧಿ! ಎರಡು ತುದೀನೂ ಇದರಲ್ಲೇ ಚುಚ್ಚಿವ್ನಿ! ಇದು ತನ್ನ ಜೊತೆ ತಾನೇ ಮಾತಾಡ್ಕೊಂಡು ಕೂತದೆ!"

"ಎಷ್ಟು ಖುಷಿಯಾಗಿ ಮಾತಾಡ್ತದೆ ನೋಡು," ಎಂದರು ಗುರುಗಳು.

ನಾಗಲಿಂಗ ಒಂದು ತುದಿ ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದ. ದೀಪಗಳು ತಣ್ಣಗಾದವು. ಪರದೆಯ ಮೇಲೆ ತೊಟ್ಟಿಲು ಮೂಡಿತು. ಅಲ್ಲಿ ಯಾರೋ ಮಗುವಿನ ಕಿವಿಗೆ ಫೋನ್ ಹಿಡಿದರು.

"ಕುರ್‍ರ್... ಇಂಚರಾ!" ಎಂದಳು ದೇವೀರಮ್ಮ.

ಇಂಚರ ಸೂರು ಹಾರಿಹೋಗುವಂತೆ ಕಿರುಚಿದಳು.

ನಾಗಲಿಂಗ ಗಾಬರಿಯಾಗಿ ಮತ್ತೆ ಕೇಬಲ್ಲಿಗೆ ಕೈಹಾಕಿದ. "ಅಳ್ತಾ ಅದಲ್ಲಾ ಬುದ್ಧಿ! ಇನ್ನೂ ಏನೋ ತಪ್ಪಾಗದೆ!"

ಗುರುಗಳು ಅವನ ಕೈ ಹಿಡಿದುಕೊಂಡರು.

"ಅತ್ತೆ ಕರೆದ್ಲು, ಅದು ಓಗೊಡ್ತು. ಇನ್ನೇನ್ಲಾ ಬೇಕು ನಿಂಗೆ?"