ಕಟ್ಟಿದ ಬಾಯಿ

ಪೂಜ್ಯ ಶ್ರೀ ನಿರ್ವಾಣಯ್ಯ ಅಜ್ಜನವರ ಮಠವೆಂದರೆ ಮಣ್ಣಿನ ಗೋಡೆಯ ಎರಡು ಕೋಣೆ, ಮುಂದೊಂದು ತಗಡಿನ ಚಪ್ಪರ. ಪೂಜೆ ಮುಗಿದ ಮೇಲೆ ಅಜ್ಜನವರು ಆ ಚಪ್ಪರದಡಿ ಕುಳಿತು, ಅಂದಿನ ದಾಸೋಹದ ಜೋಳವನ್ನು ತಾವೇ ಮೊರದಲ್ಲಿ ಹಾಕಿಕೊಂಡು ಹಸನು ಮಾಡುತ್ತಿದ್ದರು. ಬಂದವರು ಎದುರಿಗೆ ಕುಳಿತು ಮಾತನಾಡುವರು. ಅಜ್ಜನವರು ಹರಳು ಆರಿಸುತ್ತಲೇ ಕೇಳುವರು. ಈ ಪ್ರಸಂಗವನ್ನು ನನಗೆ ಹೇಳಿದವರು ಈರಸಂಗಪ್ಪ ಕಡ್ಲಿಯವರು. ಹೇಳುವಾಗ ಅವರಿಗೆ ಎಪ್ಪತ್ತು ದಾಟಿತ್ತು.

ಪ್ರಸಂಗ ನಡೆದಾಗ ಅವರು ಸಮೀಪದ ಪೇಟೆಯ ಹತ್ತಿ ಗಿರಣಿಯಲ್ಲಿ ಮುಕಾದಮರು. ಇಪ್ಪತ್ತೆರಡು ಆಳುಗಳು ಅವರ ಕೈಕೆಳಗೆ. ಆಳುಗಳು ಒಂದಾದರೆ ಮುಕಾದಮನ ಮಾತು ನಡೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಆದ್ದರಿಂದ ಒಬ್ಬನ ಮೇಲೆ ಕಣ್ಣಿಡಲು ಇನ್ನೊಬ್ಬನಿಗೆ ಗುಟ್ಟಾಗಿ ಹೇಳುತ್ತಿದ್ದರು. ಆ ಇನ್ನೊಬ್ಬನ ಮೇಲೆ ಕಣ್ಣಿಡಲು ಮೊದಲಿನವನಿಗೇ ಹೇಳುತ್ತಿದ್ದರು. ವರ್ಷವೊಂದರಲ್ಲಿ ಗಿರಣಿಯೊಳಗೆ ಯಂತ್ರದ ಸದ್ದು ಬಿಟ್ಟು ಮನುಷ್ಯರ ದನಿ ಕೇಳದಂತಾಯಿತು. ಅದನ್ನೇ ಅವರು ಶಿಸ್ತು ಎಂದುಕೊಂಡಿದ್ದರು.

ಒಂದು ದಿನ ಯಂತ್ರವೊಂದರ ಚರ್ಮದ ಪಟ್ಟಾ ಹರಿದು, ದ್ಯಾಮಣ್ಣನೆಂಬ ಆಳಿನ ಬಲಗೈ ಯಂತ್ರದ ಉರುಳೆಗೆ ಸಿಕ್ಕಿತು. ಮಣಿಕಟ್ಟಿನ ಕೆಳಗೆ ಉಳಿಯಲಿಲ್ಲ. ಪಕ್ಕದ ಯಂತ್ರದ ಹುಸೇನಸಾಬ ಪಟ್ಟಾದ ಹೊಲಿಗೆ ಬಿಟ್ಟಿದ್ದನ್ನು ಹಿಂದಿನ ದಿನವೇ ಕಂಡಿದ್ದನಂತೆ. ಕಂಡೂ ಯಾರಿಗೂ ಹೇಳಿರಲಿಲ್ಲ.

ಎಂಟು ದಿನದ ಮೇಲೆ ಈರಸಂಗಪ್ಪ ಮಠಕ್ಕೆ ಬಂದರು. ಅವರಿಗೆ ಮಠ, ಗದ್ದುಗೆ ಒಂದರಲ್ಲೂ ನಂಬಿಕೆ ಇರಲಿಲ್ಲ. ಆದರೆ ಆಳುಗಳಿಗೆಲ್ಲ ಇತ್ತು.

"ಹುಸೇನ ಬೇಕಂತನ ಸುಮ್ಮನಿದ್ದಾನ್ರಿ ಅಜ್ಜಾರ. ಅವನನ್ನ ಗದ್ದಗಿ ಮುಂದ ನಿಲ್ಲಿಸಿ ಆಣಿ ಮಾಡಸ್ರಿ. ಖರೆ ಹೊರಗ ಬರ್ತದ," ಎಂದರು.

ಅಜ್ಜನವರ ಕೈ ನಿಂತಿತು. "ಹುಸೇನ ನಿನ್ನ ಮುಂದ ಬಂದು ಹೇಳಿದ್ದರ, ನೀ ಏನ್ ಮಾಡತಿದ್ದಿ?" ಎಂದು ಕೇಳಿದರು.

ಈರಸಂಗಪ್ಪನವರಿಗೆ ಹಳೆಯದೊಂದು ನೆನಪಾಯಿತು. ದೀಪಾವಳಿಯ ಹಿಂದೆಮುಂದೆ ಹುಸೇನ ಒಮ್ಮೆ ಬಂದಿದ್ದ. ದ್ಯಾಮಣ್ಣನ ಯಂತ್ರ ಕಿರುಗುಡುತ್ತಿದೆ, ನೋಡಿ ಎಂದಿದ್ದ. "ಅವನ ಯಂತ್ರದ ಕಡೆ ನಿನಗೇನ್ ಕೆಲಸ?" ಎಂದು ಇವರೇ ಬೈದು, ಮೂರು ದಿನ ಅವನನ್ನು ಕೆಲಸಕ್ಕೆ ಬರಗೊಟ್ಟಿರಲಿಲ್ಲ.

ಅವರು ಅಜ್ಜನವರಿಗೆ ಇದ್ದದ್ದನ್ನೆಲ್ಲ ಹೇಳಿದರು.

ಅಜ್ಜನವರು ಗದರಿಸಲಿಲ್ಲ. "ಅವರ ಬಾಯಿ ಕಟ್ಟಿದಾಂವ ನೀನು. ಬಿಚ್ಚಾಂವನೂ ನೀನ ಆಗಬೇಕು. ಹುಸೇನನ ಕರಕೊಂಡು ದ್ಯಾಮಣ್ಣನ ಮನಿಗೆ ಹೋಗು. ಕ್ಷಮಾ ಬೇಡಬ್ಯಾಡ. ನೀ ಮಾಡಿದ್ದಷ್ಟ ಹೇಳು," ಎಂದರು.

ಹುಸೇನ ಬರಲು ಒಪ್ಪಲಿಲ್ಲ. ಆ ಎಂಟು ದಿನವೂ ಅವನು ದ್ಯಾಮಣ್ಣನ ಓಣಿಯ ತನಕ ಹೋಗಿ ತಿರುಗಿ ಬಂದಿದ್ದನಂತೆ. ಕಡೆಗೆ ಇಬ್ಬರೂ ಹೋದರು. ಈರಸಂಗಪ್ಪ ಹೊಸ್ತಿಲಲ್ಲೇ ನಿಂತು ಹೇಳಿದರು. "ದ್ಯಾಮಣ್ಣಾ, ಹುಸೇನನ ಚಾಡಿ ಹೇಳು ಅಂತ ನಿನಗ ಹೇಳಿದಾಂವ ನಾನು. ನಿನ್ನ ಚಾಡಿ ಹೇಳು ಅಂತ ಅವಗ ಹೇಳಿದಾಂವನೂ ನಾನ. ನೀವಿಬ್ಬರೂ ಒಂದು ಚಾಡಿನೂ ಹೇಳಲಿಲ್ಲ. ಆದ್ರ ಒಬ್ಬರ ಮ್ಯಾಲ ಒಬ್ಬರು ಸಂಶಯ ಪಟ್ಟ್ರಿ."

ದ್ಯಾಮಣ್ಣ ಮುಕಾದಮರ ಕಡೆ ನೋಡಲೇ ಇಲ್ಲ. ಹುಸೇನನನ್ನು ಕೇಳಿದ, "ನಿನಗ ಕಂಡಿತ್ತೇನು?"

"ಕಂಡಿತ್ತು."

"ಹೇಳಬೇಕಾಗಿತ್ತು ನೋಡು."

ಅಷ್ಟೇ. ಹುಸೇನ ಮಂಚದ ಕಾಲ ಬಳಿ ಕುಸಿದು ಕುಳಿತು ಅತ್ತ. ದ್ಯಾಮಣ್ಣನ ಹೆಂಡತಿ ಬಸವ್ವ ಅವನಿಗೆ ನೀರು ತಂದುಕೊಟ್ಟಳು. ಮುಕಾದಮರಿಗೆ ಯಾರೂ ಕುಳಿತುಕೊಳ್ಳಿ ಎನ್ನಲಿಲ್ಲ.

ಮರುದಿನ ಈರಸಂಗಪ್ಪ ಯಂತ್ರಗಳನ್ನು ನಿಲ್ಲಿಸಿ ಎಲ್ಲರೆದುರು ತಮ್ಮ ತಪ್ಪು ಒಪ್ಪಿಕೊಂಡರು. ಇನ್ನು ಮುಂದೆ ಯಾರಿಗೆ ಏನು ಅನುಮಾನ ಬಂದರೂ ಕೂಗಬೇಕು, ಕೂಗಿದೊಡನೆ ಯಂತ್ರ ನಿಲ್ಲುತ್ತದೆ, ಕೂಗಿದವರಿಗೆ ಬೈಗುಳ ಇಲ್ಲ ಎಂದರು. ಆಳುಗಳು ತಲೆ ತಗ್ಗಿಸಿಕೊಂಡು ಕೇಳಿದರು. ಯಾರೂ ನಂಬಲಿಲ್ಲ. ದಿನಗಳು ಹೋದವು, ತಿಂಗಳುಗಳು ಹೋದವು, ಒಂದು ಕೂಗೂ ಬರಲಿಲ್ಲ. ಪ್ರತಿದಿನ ಮುಂಜಾನೆ ಅವರೇ ಪ್ರತಿಯೊಂದು ಪಟ್ಟಾವನ್ನೂ ಮುಟ್ಟಿ ನೋಡುತ್ತಿದ್ದರು. ಒಬ್ಬೊಬ್ಬರ ಬಳಿ ನಿಂತು ಮನೆಯ ಸುದ್ದಿ ಕೇಳುತ್ತಿದ್ದರು. ಉತ್ತರಗಳು ಒಂದೆರಡು ಶಬ್ದಕ್ಕಿಂತ ಹೆಚ್ಚು ಇರುತ್ತಿರಲಿಲ್ಲ.

ಒಂಬತ್ತನೆಯ ತಿಂಗಳು ಹತ್ತಿ ಆರಿಸುವ ಕರೆವ್ವ ಒಮ್ಮೆಲೇ, "ನಿಲ್ಲಸ್ರಿ," ಎಂದು ಕೂಗಿದಳು. ಯಂತ್ರ ನಿಂತಿತು. ಎಲ್ಲರೂ ಮುಕಾದಮರ ಮುಖ ನೋಡಿದರು. ಅವರು ಪಟ್ಟಾದ ಉದ್ದಕ್ಕೂ ಕೈಯಾಡಿಸಿದರು. ಏನೂ ಆಗಿರಲಿಲ್ಲ. ಪಟ್ಟಾದ ನೆರಳು ಅಲುಗಿದ್ದನ್ನು ಕಂಡು ಆಕೆ ಹೆದರಿದ್ದಳು.

"ಚಲೋ ಮಾಡಿದಿ ಯವ್ವಾ. ಹಿಂಗ ಕೂಗು," ಎಂದರು ಈರಸಂಗಪ್ಪ.

ಅಂದು ಗಿರಣಿ ಬಿಟ್ಟೊಡನೆ ಅವರು ಮಠಕ್ಕೆ ನಡೆದು, ಅಜ್ಜನವರ ಪಾದದ ಮೇಲೆ ತಲೆಯಿಟ್ಟು ಅತ್ತರು. "ಒಬ್ಬಾಕಿ ಕೂಗಿದಳ್ರಿ ಅಜ್ಜಾರ. ದ್ಯಾಮಣ್ಣನ ಕೈ ಉಳಸೂದು ಇಷ್ಟು ಸಣ್ಣ ಮಾತು ಇತ್ತು," ಎಂದರು. ಅಜ್ಜನವರು ಅವರ ತಲೆಯ ಮೇಲೆ ಕೈಯಿಟ್ಟು, "ಹೌದಪ್ಪಾ, ಇಷ್ಟ ಇತ್ತು," ಎಂದರು. ಅವರ ಕಣ್ಣಲ್ಲೂ ನೀರಿತ್ತಂತೆ.