ಆಸರೆ ಮನೆಯ ದಾರಿ

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿ ಜಪತಪ ಕಡಿಮೆ, ಕೇಬಲ್ಲು ಜಾಸ್ತಿ. ಗುರು ನಂಜುಂಡಾರಾಧ್ಯರು ರೂಟರ್ ವಿದ್ಯೆ ಕಲಿಸುತ್ತಿದ್ದರು. ಯಾವ ಮಾಹಿತಿ ಯಾವ ದಾರಿ ಹಿಡಿಯಬೇಕೆಂದು ಹೇಳುವ ಪೆಟ್ಟಿಗೆಯ ವಿದ್ಯೆ ಅದು.

ಶಿಷ್ಯೆ ದಾಕ್ಷಾಯಿಣಿ ಮಾತಿಗೆ ಮಾತು ಕೊಡುವವಳು. ಒಂದು ದಿನ ಕೇಳಿದಳು.

"ಬುದ್ಧಿ, ಇರೋದು ಒಂದೇ ರೂಟರ್. ಅದರೊಳಗೆ ಆಸ್ಪತ್ರೆಗೊಂದು, ಕಚೇರಿಗೊಂದು, ಆಸರೆ ಮನೆಗೊಂದು ಅಂತ ಬೇರೆ ಬೇರೆ ದಾರಿಪಟ್ಟಿ. ಒಂದರ ದಾರಿ ಇನ್ನೊಂದಕ್ಕೆ ಕಾಣಲ್ಲ. ಪ್ರವಚನದಲ್ಲಿ ಎಲ್ಲರೂ ಒಂದೇ ಅಂತೀರಿ. ಇಲ್ಲಿ ಮಾತ್ರ ಗೋಡೆ ಯಾಕೆ?"

ಆಸರೆ ಮನೆ ಅಂದರೆ, ಗಂಡನ ಮನೆಯ ಹೊಡೆತ ತಾಳದೆ ಓಡಿಬಂದ ಹೆಂಗಸರನ್ನು ಆಶ್ರಮ ಬಚ್ಚಿಟ್ಟು ಕಾಪಾಡುವ ಜಾಗ. ಅದು ಎಲ್ಲಿದೆ, ಅಲ್ಲಿ ಯಾರಿದ್ದಾರೆ ಅಂತ ಹೊರಗಿನವರಿಗೆ ಗೊತ್ತಿಲ್ಲ.

ಗುರುಗಳು ಅವಳಿಗೊಂದು ಕೆಲಸ ಹೇಳಿದರು. "ಅಡುಗೆ ಗುಂಡಯ್ಯನ ಹತ್ತಿರ ಹೋಗು. ನಾಳೆ ಯಾರೋ ಭಕ್ತರಿಂದ ಪಾಯಸದೂಟ ಅಂತೆ ಅಂತ ಹೇಳಿ ಬಾ. ಅವನೊಬ್ಬನಿಗೇ" ಎಂದರು.

ಹೇಳಿ ಬಂದಳು.

ಮಾರನೆಯ ದಿನ ಆಚೆ ದಡದ ಊರಿಗೆ ಊರೇ ತೆಪ್ಪ ಹತ್ತಿ ಬಂದು ಎಲೆ ಮುಂದೆ ಕೂತಿತ್ತು. ಪಾಯಸ ಎಲ್ಲಿಂದ ಬರಬೇಕು? ಜನ ಗೊಣಗಿಕೊಂಡೇ ಅನ್ನ ಸಾರು ಉಂಡು ಹೋದರು. ದಾಕ್ಷಾಯಿಣಿಗೆ ತಲೆ ಎತ್ತಲಾಗಲಿಲ್ಲ.

"ಯಾರಿಗೆ ಹೇಳಿದ್ದೆ?" ಎಂದರು ಗುರುಗಳು.

"ಗುಂಡಯ್ಯನಿಗೆ ಮಾತ್ರ. ಅವನು ಹೂವಿನವಳಿಗೆ ಹೇಳಿದ. ಅವಳು ಅಂಬಿಗನಿಗೆ ಹೇಳಿದಳು."

"ಗುಂಡಯ್ಯ ಕೆಟ್ಟವನಾ?"

"ಇಲ್ಲ ಬುದ್ಧಿ. ಬಾಯಿ ತಡೆಯಲ್ಲ, ಅಷ್ಟೇ."

"ರೂಟರ್‌ಗಳು ಮಾತಾಡಿಕೊಳ್ಳೋ ಬಿಜಿಪಿ ಅನ್ನೋ ಪದ್ಧತೀನೂ ಅಷ್ಟೇ. ಗಡಿಯಲ್ಲಿರೋ ರೂಟರ್ ತನಗೆ ಗೊತ್ತಾದ ದಾರೀನ ಪಕ್ಕದವನಿಗೆ ಹೇಳುತ್ತೆ, ಅವನು ತನ್ನ ಪಕ್ಕದವನಿಗೆ. ಆಸರೆ ಮನೆಯ ದಾರಿ ಒಂದ್ಸಲ ಗೋಡೆ ದಾಟಿದ್ರೆ ಹಾಗೇ ಊರೆಲ್ಲ ಸುತ್ತುತ್ತೆ. ಈಗ ಹೋಗು, ನಿನ್ನ ಪಾಯಸದ ಸುದ್ದೀನ ವಾಪಸ್ ತಗೊಂಡು ಬಾ."

ಅವತ್ತಿನಿಂದ ದಾಕ್ಷಾಯಿಣಿ ಗೋಡೆಯ ಮಾತೆತ್ತಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಧರ್ಮದರ್ಶಿ ಪುಟ್ಟರುದ್ರಪ್ಪನವರ ಕಾರು ಬಂತು. ಆಶ್ರಮಕ್ಕೆ ತಾರಸಿ ಹಾಕಿಸಿಕೊಟ್ಟವರು ಅವರು. ಅವರ ಸೊಸೆ ಲಲಿತೆ ಮನೆ ಬಿಟ್ಟು ಬಂದು ಆಸರೆ ಮನೆ ಸೇರಿದ್ದಳು. ಅವಳ ತೋಳಿನ ಬರೆಗಳಿಗೆ ಮುಲಾಮು ಹಚ್ಚಿದವಳೇ ದಾಕ್ಷಾಯಿಣಿ.

"ಆಸರೆ ಮನೆಯ ದಾರಿಪಟ್ಟೀನ ಕಚೇರಿ ಪಟ್ಟಿಗೆ ಸೇರಿಸಮ್ಮ" ಎಂದರು ಪುಟ್ಟರುದ್ರಪ್ಪ. "ಅಲ್ಲಿ ಯಾರ್ಯಾರಿದ್ದಾರೆ ಅಂತ ಕಚೇರಿಯ ಕಂಪ್ಯೂಟರಲ್ಲೇ ನೋಡ್ತೀನಿ. ಒಂದೇ ಸಾಲಿನ ಕೆಲಸವಂತೆ."

"ಒಂದೇ ಸಾಲು. ಆದ್ರೆ ಬರೆಯಲ್ಲ."

ಗುರುಗಳು ನೆಲ ನೋಡುತ್ತಿದ್ದರು. "ಬರೆದುಬಿಡು ಮಗಳೇ" ಎಂದರು. "ತಲೆ ಮೇಲಿನ ತಾರಸಿ ಅವರದು."

ದಾಕ್ಷಾಯಿಣಿಗೆ ಮೈಯೆಲ್ಲ ಉರಿದುಹೋಯಿತು. ಧರ್ಮದರ್ಶಿಯ ಮೇಲಲ್ಲ, ಗುರುಗಳ ಮೇಲೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು?

"ಆಗಲ್ಲ ಬುದ್ಧಿ."

"ನಿನ್ನ ಗುರು ಹೇಳ್ತಿದ್ದೀನಿ."

"ಬೇಡ ಅಂತ ಕಲಿಸಿದವರೂ ನೀವೇ. ಕಲಿತದ್ದನ್ನ ಮರೆಯೋದು ಹೇಗೆ ಅಂತ ಮಾತ್ರ ಕಲಿಸಿಲ್ಲ."

"ಪಾಸ್‌ವರ್ಡ್ ಕೊಡು" ಎಂದರು ಪುಟ್ಟರುದ್ರಪ್ಪ. "ಬೇರೆ ಯಾರ ಕೈಲಾದ್ರೂ ಮಾಡಿಸ್ತೀನಿ."

"ನೀವು ಕಾರಿಳಿಯುವಾಗಲೇ ಬದಲಾಯಿಸಿದೆ. ಈಗ ಅದು ಗೊತ್ತಿರೋದು ನನಗೊಬ್ಬಳಿಗೇ."

"ಯಾರ ಅನ್ನ ತಿಂದು ಯಾರಿಗೆ ಎದುರು ಮಾತಾಡ್ತಿದ್ದೀಯಾ?"

"ಅನ್ನ ನಿಮ್ಮದು ಸ್ವಾಮಿ. ನಾಲಿಗೆ ನನ್ನದು. ಹೋಗು ಅಂದ್ರೆ ಈಗಲೇ ಗಂಟುಮೂಟೆ ಕಟ್ಟಿ ಹೋಗ್ತೀನಿ. ಆಗಲೂ ಹೇಳಲ್ಲ."

ಪುಟ್ಟರುದ್ರಪ್ಪ ಗುರುಗಳ ಕಡೆ ತಿರುಗಿದರು. "ಗುರು ಕೇಳಿದ ಮೇಲೆ ಶಿಷ್ಯೆ ಹೇಳಲೇಬೇಕು. ಕೇಳಿ."

ಗುರುಗಳು ಕೇಳಿದರು. "ಪಾಸ್‌ವರ್ಡ್ ಏನು, ದಾಕ್ಷಾಯಿಣಿ?"

"ಹೇಳಲ್ಲ."

ಅವಳು ಕಣ್ಣು ತಗ್ಗಿಸಲಿಲ್ಲ.

ಗುರುಗಳು ಎದ್ದು, ತಾವು ಕೂತಿದ್ದ ಮಣೆಯನ್ನು ಅವಳ ಮುಂದಿಟ್ಟರು. ತಾವು ಬರೀ ನೆಲದ ಮೇಲೆ ಕೂತರು.

"ಬೇಕಾದರೆ ತಾರಸಿ ಒಡೆದುಕೊಂಡು ಹೋಗಿ, ಧರ್ಮದರ್ಶಿಗಳೇ" ಎಂದರು.

ಪುಟ್ಟರುದ್ರಪ್ಪನವರ ಕಾರು ಹೊರಟ ಸದ್ದು ಕೇಳಿದ ಮೇಲೆ, ಗುರುಗಳು ಅವಳಿಗೆ ಕೈ ಮುಗಿದರು.

"ನಾಳೆ ಮತ್ತೆ ಕೇಳಿದರೂ ನನಗೆ ಹೇಳಬೇಡ, ತಾಯಿ. ನಾನೂ ಗುಂಡಯ್ಯನೇ."